ಸಸ್ಯಾಹಾರಿಯ ಹುಸಿ ನೆಮ್ಮದಿ

ಅಡುಗೆ ಎಣ್ಣೆಯ ಪೊಟ್ಟಣದ ಮೇಲೆ ‘ಕೊಲೆಸ್ಟರಾಲ್ ಮುಕ್ತ’ ಎಂದು ಬರೆದಿದ್ದರೆ ನಮ್ಮ ಮಧ್ಯಮ ವರ್ಗಕ್ಕೆ ಎಲ್ಲಿಲ್ಲದ ಸಮಾಧಾನ. ವಾಸ್ತವದಲ್ಲಿ ಯಾವ ಸಸ್ಯಜನ್ಯ ಎಣ್ಣೆಯಲ್ಲೂ ಗಣನೆಗೆ ಬರುವಷ್ಟು ಕೊಲೆಸ್ಟರಾಲ್ ಇರುವುದಿಲ್ಲ. ಇಲ್ಲದ್ದನ್ನು ತೆಗೆದುಹಾಕಿದ ಹೆಗ್ಗಳಿಕೆಗೆ ನಾವು ಮರುಳಾಗುತ್ತಿದ್ದೇವೆ.

ರಕ್ತದಲ್ಲಿನ ಕೊಲೆಸ್ಟರಾಲ್‌ನ ಬಹುಪಾಲು ತಯಾರಾಗುವುದು ನಮ್ಮ ದೇಹದಲ್ಲೇ. ‘ಕೆಟ್ಟ’ ಕೊಲೆಸ್ಟರಾಲ್ ಎನಿಸಿದ ಎಲ್‌ಡಿಎಲ್ ಅನ್ನು ರಕ್ತದಿಂದ ಹೊರತೆಗೆಯುವ ಹೊಣೆ ಮುಖ್ಯವಾಗಿ ಯಕೃತ್ತಿನದು. ಬೆಣ್ಣೆ, ತುಪ್ಪ, ತಾಳೆ ಎಣ್ಣೆಗಳಲ್ಲಿನ ಪರ್ಯಾಪ್ತ ಕೊಬ್ಬು ಮಿತಿಮೀರಿದರೆ ಈ ಕೆಲಸ ಕುಂಠಿತಗೊಳ್ಳುತ್ತದೆ. ತೆಂಗಿನೆಣ್ಣೆಯಲ್ಲಂತೂ ಈ ಕೊಬ್ಬಿನ ಪಾಲು ಶೇ 80ಕ್ಕೂ ಹೆಚ್ಚು. ವನಸ್ಪತಿಯ ಟ್ರಾನ್ಸ್ ಕೊಬ್ಬು ಇನ್ನೂ ಅಪಾಯಕಾರಿ. ಎಣ್ಣೆ, ಕೊಬ್ಬುಗಳಲ್ಲಿ ಅದು ಶೇ 2ನ್ನು ಮೀರಬಾರದೆಂಬ ನಿಯಮ 2022ರ ಜನವರಿಯಿಂದ ಜಾರಿಯಲ್ಲಿದೆ. ಆದರೆ ನಮ್ಮ ತಟ್ಟೆಗೆ ಬೀಳುವುದೆಷ್ಟು ಎಂಬುದನ್ನು ಕಾನೂನು ಅಳೆಯಲಾರದು.

ಮುಂಜಾನೆ ಲಾಲ್‌ಬಾಗ್‌ನಲ್ಲಿ ಬೆವರು ಸುರಿಸಿ, ಹೊರಬಂದೊಡನೆ ಬೆಣ್ಣೆ ದೋಸೆಗೆ ಸಾಲು ನಿಲ್ಲುವವರ ಲೆಕ್ಕ ತಾಳೆಯಾಗುವುದಾದರೂ ಹೇಗೆ? ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆ, ಕಾಳು–ತರಕಾರಿಗಳ ನಾರು, ಕರಿದ ತಿನಿಸಿನಲ್ಲಿ ಮಿತಿ, ತಂಬಾಕಿಗೆ ವಿದಾಯ– ಇವೆಲ್ಲ ಒಟ್ಟಾಗಿ ನಡೆದರಷ್ಟೇ ಫಲ.

ಹಾಗೆಂದು ವೈದ್ಯರು ಕೊಟ್ಟ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ತರವಲ್ಲ. ಕೆಲವರಿಗೆ ಕೊಲೆಸ್ಟರಾಲ್ ಏರಿಕೆ ವಂಶದಿಂದಲೇ ಬಂದಿರುತ್ತದೆ. ಪಥ್ಯವೊಂದೇ ಅವರಿಗೆ ಸಾಲದು. ಈ ಏರಿಕೆ ನೋವನ್ನಾಗಲೀ ಸೂಚನೆಯನ್ನಾಗಲೀ ಕೊಡುವುದು ಅಪರೂಪ. ಆದ್ದರಿಂದ ರಕ್ತಪರೀಕ್ಷೆಯೇ ಗತಿ.

ಪೊಟ್ಟಣದ ಮುಂಭಾಗದ ಘೋಷಣೆಯನ್ನು ಬಿಟ್ಟು, ಹಿಂಭಾಗದ ಸಣ್ಣಕ್ಷರಗಳನ್ನು ಓದುವ ಅಭ್ಯಾಸದಿಂದಲೇ ಆರಂಭಿಸೋಣ.