ಸಂತೆ ದಿನ ಕೊಳ್ಳುವ ಕೆಂಪು ಗೆರೆಯ ಮಾತ್ರೆ

ಜುಲೈ ತಿಂಗಳ ಒಂದು ಸಂತೆ ದಿನ. ಬಿಡದ ಮಳೆ. ಅಮ್ಮನ ಬಿಪಿ ಮಾತ್ರೆಗೆ ಮೆಡಿಕಲ್ ಶಾಪ್ ಮುಂದೆ ಕೊಡೆ ಹಿಡಿದು ನಿಂತಿದ್ದೆ. ನನ್ನ ಮುಂದೆ ತೋಟದ ಲೈನ್‌ಮನೆಯಿಂದ ಬಂದ ಒಬ್ಬ ಅಕ್ಕ. "ಅಣ್ಣಾ, ನಮ್ಮ ಮನೆಯವರಿಗೆ ಮೂರು ದಿನದಿಂದ ಜ್ವರ, ಮೈಕೈ ನೋವು. ಹೋದ ಸಲ ಕೊಟ್ರಲ್ಲ, ಅದೇ ಮಾತ್ರೆ ಎರಡು ಕೊಡಿ" ಅಂದರು. ಅಂಗಡಿಯವರು ಚೀಟಿ ಕೇಳಲಿಲ್ಲ. ಕತ್ತರಿ ತೆಗೆದು ಎರಡು ಅಜಿಥ್ರೊಮೈಸಿನ್, ನಾಲ್ಕು ಪ್ಯಾರಾಸಿಟಮಾಲ್ ಕತ್ತರಿಸಿ ಕೊಟ್ಟರು. ಎಲ್ಲ ಸೇರಿ ಒಂದು ನಿಮಿಷದ ವ್ಯಾಪಾರ.

ಆ ಅಕ್ಕನನ್ನು ಬೈಯುವುದು ಸುಲಭ. ಆದರೆ ಲೆಕ್ಕ ಹಾಕಿ ನೋಡಿ. ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ಬಸ್ಸಿಗೆ ದುಡ್ಡು ಬೇಕು. ಡಾಕ್ಟರ್ ಸಿಗುತ್ತಾರೋ ಇಲ್ಲವೋ ಗೊತ್ತಿಲ್ಲ. ಮೆಡಿಕಲ್ ಶಾಪ್ ಮಾತ್ರ ಸಂತೆ ದಾರಿಯಲ್ಲೇ ಇದೆ. ತೋಟದ ಸಾಹುಕಾರರ ಮನೆಯಲ್ಲೂ ಹೋದ ವರ್ಷದ ಉಳಿದ ಮಾತ್ರೆಗಳ ಡಬ್ಬಿ ಇದೆ. ನಮ್ಮ ಮನೆಯಲ್ಲೂ ಇದೆ. ಈ ತಪ್ಪಿಗೆ ಬಡವ ಬಲ್ಲಿದ ಎಂಬ ಭೇದವಿಲ್ಲ.

ತೊಂದರೆ ಏನೆಂದರೆ, ಕೊಡಗಿನ ಮಳೆಗಾಲದ ಜ್ವರ ಒಂದೇ ಜ್ವರವಲ್ಲ. ನೆಗಡಿ ಕೆಮ್ಮಿನ ಜ್ವರ ಹೆಚ್ಚಾಗಿ ವೈರಸ್ಸಿನದು. ಡೆಂಗಿಯೂ ವೈರಸ್ಸಿನದೇ. ಆಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು, ವೈರಸ್ಸನ್ನಲ್ಲ. ಡೆಂಗಿಗೆ ಅದನ್ನು ನುಂಗಿದರೆ ಉಪಯೋಗವಿಲ್ಲ, ಜೊತೆಗೆ ಕೆಲವು ನೋವಿನ ಮಾತ್ರೆ ಸೇರಿದರೆ ರಕ್ತಸ್ರಾವದ ಅಪಾಯ. ಇನ್ನೊಂದು ಕಡೆ ಇಲಿ ಜ್ವರ. ಇಲಿಯ ಮೂತ್ರ ಸೇರಿದ ನೀರು, ಕೆಸರು ಕಾಲಿನ ಗಾಯಕ್ಕೆ ತಾಗಿದರೂ ಸಾಕು, ಬರುತ್ತದೆ. ಗದ್ದೆಯಲ್ಲಿ ನಾಟಿ ಮಾಡುವವರಿಗೆ, ಚರಂಡಿ ತೆಗೆಯುವವರಿಗೆ ಇದರ ಭಯ ಹೆಚ್ಚು. ಇದು ಬ್ಯಾಕ್ಟೀರಿಯಾದ ಕಾಯಿಲೆ. ಬೇಗ ಗುರುತಿಸಿದರೆ ಡಾಕ್ಸಿಸೈಕ್ಲಿನ್ ಎಂಬ ಸಾಧಾರಣ ಮಾತ್ರೆ ಜೀವ ಉಳಿಸುತ್ತದೆ. ತಡವಾದರೆ ಕಿಡ್ನಿ, ಲಿವರ್ ಕೆಡುತ್ತವೆ. ಈ ಮೂರೂ ಜ್ವರಗಳ ಶುರುವಿನ ಲಕ್ಷಣ ಹೆಚ್ಚುಕಮ್ಮಿ ಒಂದೇ: ಜ್ವರ, ತಲೆನೋವು, ಮೈಕೈ ನೋವು. ಅಂಗಡಿಯ ಕಟ್ಟೆಯ ಮೇಲೆ ನಿಂತು ಯಾರೂ ಇದನ್ನು ಬೇರ್ಪಡಿಸಲಾರರು. ರಕ್ತ ಪರೀಕ್ಷೆ ಬೇಕು.

ಆಂಟಿಬಯೋಟಿಕ್ ಅಂದರೂ ಒಂದೇ ಮದ್ದಲ್ಲ, ಅದೊಂದು ದೊಡ್ಡ ಕುಟುಂಬ. ಪೆನಿಸಿಲಿನ್ ಗುಂಪಿನ ಅಮಾಕ್ಸಿಸಿಲಿನ್ ಕೆಲವರಿಗೆ ಅಲರ್ಜಿಯಾಗಿ ಉಸಿರೇ ಕಟ್ಟಬಹುದು. ಡಾಕ್ಸಿಸೈಕ್ಲಿನ್ ಅನ್ನು ತುಂಬಾ ನೀರಿನ ಜೊತೆ ನುಂಗಬೇಕು, ನುಂಗಿದ ತಕ್ಷಣ ಮಲಗಬಾರದು, ಬಸುರಿ ಹೆಂಗಸರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಸಿಪ್ರೊಫ್ಲಾಕ್ಸಸಿನ್ ಅನ್ನು ಹಾಲಿನ ಜೊತೆ ತೆಗೆದುಕೊಂಡರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಭೇದಿಗೆ ಕೊಡುವ ಮೆಟ್ರೊನಿಡಜೋಲ್ ನುಂಗುವ ದಿನಗಳಲ್ಲಿ ಮದ್ಯ ಬೇಡ. ಜೆಂಟಾಮೈಸಿನ್ ಇಂಜೆಕ್ಷನ್ ಲೆಕ್ಕ ತಪ್ಪಿದರೆ ಕಿವಿಗೂ ಕಿಡ್ನಿಗೂ ಪೆಟ್ಟು. ನರ್ಸಿಂಗ್ ಓದುವ ಮಕ್ಕಳು ಪರೀಕ್ಷೆಗೆ ಬಾಯಿಪಾಠ ಮಾಡುವ ಈ ಪಟ್ಟಿ ಊರಿನ ಜನರ ಕಿವಿಗೆ ಬೀಳುವುದೇ ಇಲ್ಲ.

ಎರಡು ಮಾತ್ರೆ ನುಂಗಿ ನಿಲ್ಲಿಸಿದರೆ, ಬೇಡದ್ದಕ್ಕೆಲ್ಲ ನುಂಗಿದರೆ ಏನಾಗುತ್ತದೆ? ತೋಟದವರಿಗೆ ಹೇಳಿಕೊಡಬೇಕಿಲ್ಲ. ಒಂದೇ ಕಳೆನಾಶಕವನ್ನು ವರ್ಷ ವರ್ಷ ಹೊಡೆದರೆ ಅದಕ್ಕೆ ಬಗ್ಗದ ಕಳೆ ಉಳಿದು, ಅದೇ ತೋಟ ತುಂಬುತ್ತದೆ. ಮೈಯೊಳಗೂ ಹಾಗೆಯೇ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಬಹುಮಾನದ ಭಾಷಣದಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು. ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಜನ ಸತ್ತರು ಎಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜು ಮಾಡಿದೆ. ಹಂದಿ, ಕೋಳಿ ಸಾಕುವವರೂ ಇದರಿಂದ ಹೊರಗಿಲ್ಲ. ಮನುಷ್ಯರಿಗೆ ಕೊನೆಯ ಅಸ್ತ್ರವಾದ ಕೊಲಿಸ್ಟಿನ್ ಅನ್ನು ಕೋಳಿ ಆಹಾರಕ್ಕೆ ಬೆರೆಸುತ್ತಿದ್ದರು. 2019ರಲ್ಲಿ ಕೇಂದ್ರ ಸರ್ಕಾರವೇ ಅದನ್ನು ನಿಷೇಧಿಸಬೇಕಾಯಿತು.

ಕಾನೂನು ಇಲ್ಲವೆಂದಲ್ಲ. ಪಟ್ಟಿಯ ಮೇಲಿನ ಕೆಂಪು ಗೆರೆಯ ಅರ್ಥ ಚೀಟಿ ಇಲ್ಲದೆ ಕೊಡಬಾರದು ಎಂದೇ. ಸೆಫಿಕ್ಸಿಮ್, ಲಿವೊಫ್ಲಾಕ್ಸಸಿನ್ ತರಹದ ಮದ್ದು ಮಾರಿದರೆ ಡಾಕ್ಟರ್ ಹೆಸರು, ರೋಗಿಯ ಹೆಸರು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು ಎಂಬ ನಿಯಮ 2014ರ ಮಾರ್ಚ್‌ನಿಂದ ಇದೆ. ಕುಟ್ಟ, ಮಾಕುಟ್ಟ ದಾಟಿದರೆ ಸಿಗುವ ಕೇರಳ 2024ರ ಜನವರಿಯಲ್ಲಿ 'ಆಪರೇಷನ್ ಅಮೃತ್' ಹೆಸರಿನಲ್ಲಿ ಅಂಗಡಿಗಳ ತಪಾಸಣೆ ಶುರು ಮಾಡಿತು. ನಮ್ಮ ಕಡೆಯೂ ಅಂಥದ್ದು ಬೇಕು.

ಆದರೆ ಅಂಗಡಿಗೆ ಬೀಗ ಹಾಕಿದರಷ್ಟೇ ಸಾಲದು. ಆಸ್ಪತ್ರೆಯ ದಾರಿ ಹತ್ತಿರವಾಗದೆ ಅಂಗಡಿಯ ದಾರಿ ಮುಚ್ಚಿದರೆ ಸಾಯುವುದು ಅದೇ ಲೈನ್‌ಮನೆಯವರು. ಅದಕ್ಕೆ ನನ್ನ ಬೇಡಿಕೆ ಎರಡು. ಒಂದು, ಜ್ವರ ಬಂದ ಕೆಲಸಗಾರರಿಗೆ ಪರೀಕ್ಷೆಯ ದಿನದ ಕೂಲಿ ಕಡಿಯಬೇಡಿ. ತೋಟ ಕಾರ್ಮಿಕರಿಗೆ ವೈದ್ಯಕೀಯ ಸೌಲಭ್ಯ, ಕಾಯಿಲೆ ಭತ್ಯೆ ಇರಬೇಕೆಂದು 1951ರ ಕಾಯ್ದೆಯೇ ಹೇಳಿತ್ತು. ಇದು ದಾನವಲ್ಲ. ಎರಡು, ಹಳ್ಳಿಯ ಉಪಕೇಂದ್ರದಲ್ಲಿ ಕೂರುವ ನರ್ಸಮ್ಮನಿಗೆ ಬರೀ ರಿಜಿಸ್ಟರ್ ತುಂಬಿಸುವ ಕೆಲಸ ಕೊಡದೆ, ಜನರ ಜೊತೆ ಮಾತಾಡಲು ಸಮಯ ಕೊಡಿ. ಡಾಕ್ಟರ್ ಬರೆದ ಮಾತ್ರೆಯನ್ನು ಯಾವಾಗ, ಯಾವುದರ ಜೊತೆ, ಎಷ್ಟು ದಿನ ಎಂದು ನಮ್ಮ ಭಾಷೆಯಲ್ಲಿ, ಕೊಡವ ತಕ್ಕಿನಲ್ಲಿ, ಅರೆಭಾಷೆಯಲ್ಲಿ, ಯರವ ಮಾತಿನಲ್ಲಿ, ಈಗ ದೂರದಿಂದ ಬಂದ ಅಸ್ಸಾಮಿನ ಕೆಲಸಗಾರರಿಗೂ ತಿಳಿಯುವಂತೆ ಹೇಳುವವರು ಬೇಕು. ನರ್ಸಿಂಗ್ ಓದಲು ಮೈಸೂರು, ಮಂಗಳೂರಿಗೆ ಹೋದ ನಮ್ಮೂರ ತಂಗಿಯರೇ, ರಜೆಗೆ ಬಂದಾಗ ಸಂಘದ ಸಭೆಯಲ್ಲಿ ಹತ್ತು ನಿಮಿಷ ಇದನ್ನೇ ಹೇಳಿ.

ಓದುತ್ತಿರುವ ನೀವು ಇವತ್ತು ಮಾಡಬಹುದಾದ್ದು ಸಣ್ಣದು. ಮನೆಯ ಮಾತ್ರೆ ಡಬ್ಬಿ ತೆರೆಯಿರಿ. ಕೆಂಪು ಗೆರೆಯ ಅರ್ಧ ಪಟ್ಟಿ ಇದ್ದರೆ ಪಕ್ಕದ ಮನೆಯವರಿಗೆ ಕೊಡಬೇಡಿ. ಮಳೆಗಾಲದಲ್ಲಿ ಜ್ವರ ಎರಡು ದಿನ ದಾಟಿದರೆ, ಕಣ್ಣು ಕೆಂಪಾದರೆ, ಮೀನಖಂಡ ನೋಯುತ್ತಿದ್ದರೆ, ಮೂತ್ರ ಕಡಿಮೆಯಾದರೆ ಸಂತೆ ದಿನಕ್ಕೆ ಕಾಯಬೇಡಿ. ನೇರ ಸರ್ಕಾರಿ ಆಸ್ಪತ್ರೆಗೆ ಹೋಗಿ, "ಕೆಸರಲ್ಲಿ ಕೆಲಸ ಮಾಡಿದ್ದೆ" ಎಂದು ಮೊದಲೇ ಹೇಳಿ. ಆ ಒಂದು ಮಾತಿನಿಂದ ಡಾಕ್ಟರಿಗೆ ಇಲಿ ಜ್ವರದ ಪರೀಕ್ಷೆ ನೆನಪಾಗಬಹುದು.