ಉದ್ಯೋಗದ ಅರ್ಜಿ: ತಾರತಮ್ಯವೂ ನಮ್ಮ ತಾತ್ಸಾರವೂ

ಸೊರಬ ತಾಲೂಕಿನ ಕ್ಯಾಸನೂರು ಒಂದು ಚಿಕ್ಕ ಊರು. ಆದರೆ ಅದರ ಹೆಸರು ಜಗತ್ತಿನ ವೈದ್ಯಕೀಯ ಗ್ರಂಥಗಳಲ್ಲಿದೆ. 1957ರಲ್ಲಿ ಇಲ್ಲಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಕಾಡಿಗೆ ಹೋಗಿ ಬಂದವರು ಜ್ವರದಿಂದ ನರಳತೊಡಗಿದಾಗ ಹೊಸದೊಂದು ವೈರಾಣು ಪತ್ತೆಯಾಯಿತು. ನಾವು ಮಂಗನ ಕಾಯಿಲೆ ಎನ್ನುವ ಆ ರೋಗಕ್ಕೆ ವಿಜ್ಞಾನಿಗಳು ಕ್ಯಾಸನೂರು ಕಾಡಿನ ಕಾಯಿಲೆ ಎಂದೇ ಹೆಸರಿಟ್ಟರು. ಅಂದಿನಿಂದ ಈ ಊರಿನ ಗದ್ದೆ, ತೋಟ, ಶಾಲೆ, ಜನ ಯಾವುದನ್ನೂ ಕಾಣದವರು ಕೂಡ ಊರಿನ ಹೆಸರು ಕೇಳಿದೊಡನೆ ರೋಗವನ್ನು ನೆನೆಯುತ್ತಾರೆ. ಹೆಸರು ಮುಂದೆ ಹೋಗಿ ನಿಂತಿದೆ. ಊರು ಹಿಂದೆಯೇ ಉಳಿದಿದೆ.

ಕ್ಯಾಸನೂರಿನ ಸುತ್ತಲಿನ ಸೊರಬ, ಆನವಟ್ಟಿ, ಶಿರಾಳಕೊಪ್ಪ, ಶಿಕಾರಿಪುರಗಳಲ್ಲಿ ಪದವಿ ಮುಗಿಸಿ ಕೆಲಸ ಹುಡುಕುವ ಮುಸ್ಲಿಮ್ ಯುವಕ ಯುವತಿಯರ ಪಾಡೂ ಇದಕ್ಕಿಂತ ಭಿನ್ನವಲ್ಲ. ಅವರ ಅರ್ಜಿಯ ಮೊದಲ ಸಾಲಿನಲ್ಲಿ ಹೆಸರಿರುತ್ತದೆ. ಅಂಕ, ಅನುಭವ, ಸಾಮರ್ಥ್ಯಗಳೆಲ್ಲ ಅದರ ಕೆಳಗಿರುತ್ತವೆ. ಓದುವವನ ಕಣ್ಣು ಮೊದಲ ಸಾಲಿನಲ್ಲೇ ನಿಂತುಬಿಟ್ಟರೆ ಕೆಳಗಿನದನ್ನು ಓದುವವರು ಯಾರು?

ಇದು ನಮ್ಮ ಊಹೆಯೂ ಅಲ್ಲ, ಸೋತವರು ಹೇಳಿಕೊಳ್ಳುವ ನೆಪವೂ ಅಲ್ಲ. ಸುಖದೇವ್ ಥೋರಟ್ ಮತ್ತು ಪೌಲ್ ಅಟೆವೆಲ್ ಎಂಬ ವಿದ್ವಾಂಸರು 2005ರ ಅಕ್ಟೋಬರ್‌ನಿಂದ 66 ವಾರಗಳ ಕಾಲ ಪತ್ರಿಕೆಗಳಲ್ಲಿ ಬಂದ 548 ಖಾಸಗಿ ಉದ್ಯೋಗ ಜಾಹೀರಾತುಗಳಿಗೆ 4,808 ಅರ್ಜಿಗಳನ್ನು ಕಳುಹಿಸಿದರು. ಅರ್ಹತೆ ಸರಿಸಮಾನವಾಗಿದ್ದಾಗಲೂ ಹೆಸರು ಬೇರೆಯಾದರೆ ಫಲ ಬೇರೆಯಾಗುತ್ತದೆಯೇ ಎಂಬುದು ಅವರ ಪ್ರಶ್ನೆಯಾಗಿತ್ತು. 2007ರಲ್ಲಿ ಪ್ರಕಟವಾದ ಉತ್ತರ ಕಹಿಯಾಗಿತ್ತು. ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಂಭವ ಸುಮಾರು ಮೂರರಲ್ಲಿ ಎರಡು ಪಾಲು. ಮುಸ್ಲಿಮ್ ಹೆಸರಿಗೆ ಮೂರರಲ್ಲಿ ಒಂದೇ ಪಾಲು. ಕಾಲ ಬದಲಾಗಿದೆ ಎನ್ನುವವರಿಗೆ 2022ರ ಅಧ್ಯಯನವೊಂದಿದೆ. ಲೆಡ್‌ಬೈ ಫೌಂಡೇಶನ್ ಒಂದು ಸಾವಿರ ಉದ್ಯೋಗ ಪ್ರಕಟಣೆಗಳಿಗೆ ಸಮಾನ ಅರ್ಹತೆಯ ಎರಡೆರಡು ಅರ್ಜಿಗಳನ್ನು ಕಳುಹಿಸಿತು. ಒಂದರಲ್ಲಿ ಹಿಂದೂ ಮಹಿಳೆಯ ಹೆಸರು, ಇನ್ನೊಂದರಲ್ಲಿ ಮುಸ್ಲಿಮ್ ಮಹಿಳೆಯ ಹೆಸರು. ಮೊದಲನೆಯದಕ್ಕೆ 208 ಕಡೆಗಳಿಂದ ಅನುಕೂಲಕರ ಉತ್ತರ ಬಂತು. ಎರಡನೆಯದಕ್ಕೆ ಬಂದದ್ದು 103.

ಆದ್ದರಿಂದ ತಾರತಮ್ಯ ಇದೆ ಎಂಬುದರಲ್ಲಿ ಸಂದೇಹವಿಲ್ಲ. ಅದನ್ನು ಇಲ್ಲವೆಂದು ಹೇಳಿ ನಮ್ಮ ಮಕ್ಕಳ ಮೇಲೆಯೇ ಪೂರ್ತಿ ದೋಷ ಹೊರಿಸುವುದು ಅನ್ಯಾಯ. ಆದರೆ ತಾರತಮ್ಯದ ಮಾತು ಮುಗಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ನಾವು ಅರ್ಜಿ ಹಾಕಿದ್ದೇವೆಯೇ? ಹಾಕಿದ್ದರೆ ಎಂಥ ಅರ್ಜಿ ಹಾಕಿದ್ದೇವೆ?

2006ರ ನವೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂದ ಸಾಚಾರ್ ಸಮಿತಿಯ ವರದಿಯನ್ನು ನಮ್ಮ ವೇದಿಕೆಗಳಲ್ಲಿ ಉಲ್ಲೇಖಿಸದ ಭಾಷಣಕಾರರು ವಿರಳ. ಐ.ಎ.ಎಸ್. ಅಧಿಕಾರಿಗಳಲ್ಲಿ ಮುಸ್ಲಿಮರು ಶೇ. 3 ಮಾತ್ರ ಎಂಬ ಅಂಕಿಯನ್ನು ನಾವೆಲ್ಲ ಕಂಠಪಾಠ ಮಾಡಿದ್ದೇವೆ. ಆದರೆ ಅದೇ ವರದಿಯ ಇನ್ನೊಂದು ಮಾತನ್ನು ಅಷ್ಟಾಗಿ ಓದಿಲ್ಲ. 2003 ಮತ್ತು 2004ರ ನಾಗರಿಕ ಸೇವಾ ಲಿಖಿತ ಪರೀಕ್ಷೆ ಬರೆದವರಲ್ಲಿ ಮುಸ್ಲಿಮರು ಶೇ. 4.9 ಮಾತ್ರ ಇದ್ದರು. 2001ರ ಜನಗಣತಿಯಂತೆ ಜನಸಂಖ್ಯೆಯಲ್ಲಿ ಅವರ ಪಾಲು ಶೇ. 13.4. ಆದರೆ ಪರೀಕ್ಷೆ ಬರೆದವರು ಯಶಸ್ವಿಯಾದ ಪ್ರಮಾಣ ಇತರರದ್ದಕ್ಕೆ ಹೆಚ್ಚುಕಡಿಮೆ ಸಮಾನವಾಗಿತ್ತು. ಆ ಉತ್ತರ ಪತ್ರಿಕೆಯ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ ಇರುತ್ತದೆ ಎಂಬುದನ್ನು ಗಮನಿಸಬೇಕು. ಹೆಸರು ಕಾಣದ ಕಡೆ ನಮ್ಮ ಮಕ್ಕಳು ಯಾರಿಗೂ ಕಡಿಮೆಯಿಲ್ಲ. ಕಡಿಮೆ ಇರುವುದು ಬಾಗಿಲು ತಟ್ಟುವವರ ಸಂಖ್ಯೆ.

ಬಾಗಿಲು ತಟ್ಟುವ ರೀತಿಯೂ ಸರಿಯಾಗಿಲ್ಲ. ನಮ್ಮ ಮನೆಗಳಲ್ಲಿ ಬಯೋಡಾಟಾ ಎಂಬ ಪದಕ್ಕೆ ಎರಡು ಅರ್ಥಗಳಿವೆ. ನಿಕಾಹ್‌ನ ಸಂಬಂಧ ಹುಡುಕುವಾಗ ಕೊಡುವುದೂ ಬಯೋಡಾಟಾ, ಕೆಲಸಕ್ಕೆ ಕೊಡುವುದೂ ಬಯೋಡಾಟಾ. ಜೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡಿಸಿದ ಅನೇಕ ಅರ್ಜಿಗಳನ್ನು ನೋಡಿದರೆ ಎರಡಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ತಂದೆಯ ಉದ್ಯೋಗ, ಒಡಹುಟ್ಟಿದವರ ಸಂಖ್ಯೆ, ಧರ್ಮ, ಎತ್ತರ, ವಿವಾಹದ ಸ್ಥಿತಿ ಎಲ್ಲವೂ ಮೊದಲೇ ಬರುತ್ತವೆ. ಹುಡುಗ ಏನು ಮಾಡಬಲ್ಲ ಎಂಬುದು ಮಾತ್ರ ಎಲ್ಲಿಯೂ ಇಲ್ಲ. ಮೇಲ್ಭಾಗದಲ್ಲಿ ಯಾರದೋ ಅರ್ಜಿಯಿಂದ ನಕಲು ಮಾಡಿದ ಇಂಗ್ಲಿಷಿನ ಎರಡು ಸಾಲುಗಳಿರುತ್ತವೆ. ಅವುಗಳ ಅರ್ಥ ಕೇಳಿದರೆ ಅರ್ಜಿದಾರನೇ ಹೇಳಲಾರ. ಒಂದೇ ಪ್ರತಿಯನ್ನು ಬ್ಯಾಂಕಿಗೂ ಔಷಧ ಕಂಪನಿಗೂ ಶಾಲೆಗೂ ಕಳುಹಿಸಲಾಗುತ್ತದೆ. ಖಾಸಗಿ ಉದ್ಯೋಗದಾತ ಧರ್ಮವನ್ನಾಗಲಿ ತಂದೆಯ ಕಸುಬನ್ನಾಗಲಿ ಕೇಳದೇ ಇರುವಾಗ ಅದನ್ನು ನಾವಾಗಿಯೇ ಬರೆದುಕೊಡುವುದೇಕೆ?

ಒಳ್ಳೆಯ ಅರ್ಜಿ ಸಾಮಾನ್ಯವಾಗಿ ಹೊಸ ಪದವೀಧರರಿಗೆ ಒಂದು ಪುಟ ಸಾಕು. ಹೆಸರು, ಊರು, ದೂರವಾಣಿ, ಮಿಂಚಂಚೆ. ಅನಂತರ ಆ ಕೆಲಸಕ್ಕೆ ಬೇಕಾದ ಸಾಮರ್ಥ್ಯ. ಅನಂತರ ಅನುಭವ ಮತ್ತು ವಿದ್ಯಾಭ್ಯಾಸ. ಜಾಹೀರಾತಿನಲ್ಲಿ ಕೇಳಿರುವ ಅರ್ಹತೆ ತನ್ನಲ್ಲಿದ್ದರೆ ಅದನ್ನು ಜಾಹೀರಾತಿನ ಪದಗಳಲ್ಲೇ ಬರೆಯಬೇಕು. ಏಕೆಂದರೆ ಇಂದು ಅನೇಕ ದೊಡ್ಡ ಕಂಪನಿಗಳಲ್ಲಿ ಅರ್ಜಿಗಳನ್ನು ಮೊದಲು ಜಾಲಾಡುವುದು ಮನುಷ್ಯನಲ್ಲ, ಕಂಪ್ಯೂಟರಿನ ತಂತ್ರಾಂಶ. ಅದು ಹುಡುಕುವ ಪದ ಸಿಗದಿದ್ದರೆ ಅರ್ಜಿ ಯಾರ ಕಣ್ಣಿಗೂ ಬೀಳದೆ ಹೋಗಬಹುದು.

ಅನುಭವವೇ ಇಲ್ಲ, ಏನು ಬರೆಯುವುದು ಎಂದು ಮಕ್ಕಳು ಕೇಳುತ್ತಾರೆ. ಇಲ್ಲಿಯೇ ನಮ್ಮವರು ತಮ್ಮನ್ನು ತಾವು ಅಗ್ಗ ಮಾಡಿಕೊಳ್ಳುವುದು. ತಂದೆಯ ಕಿರಾಣಿ ಅಂಗಡಿಯಲ್ಲಿ ಮೂರು ವರ್ಷ ಸಂಜೆ ಹೊತ್ತು ಕುಳಿತು ಉದ್ರಿ ಲೆಕ್ಕ ಬರೆದವನು, ಸರಕಿಗೆ ಆರ್ಡರ್ ಕೊಟ್ಟವನು, ಜಿ.ಎಸ್.ಟಿ. ಬಿಲ್ಲುಗಳನ್ನು ಜೋಡಿಸಿಟ್ಟವನು ಅನುಭವವಿಲ್ಲದವನೇ? ಅಡಿಕೆ ಮಂಡಿಯಲ್ಲಿ ತೂಕ, ದರ, ಪಾವತಿಗಳನ್ನು ನೋಡಿಕೊಂಡವನು? ಮನೆಯಲ್ಲಿ ಹತ್ತು ಮಕ್ಕಳಿಗೆ ಟ್ಯೂಷನ್ ಹೇಳಿದ ಹೆಣ್ಣುಮಗಳು? ಅಂಗಡಿಯಲ್ಲಿ ಸಹಾಯ ಎಂದು ಬರೆದರೆ ಯಾರೂ ಓದುವುದಿಲ್ಲ. ಎಷ್ಟು ವರ್ಷ, ಎಷ್ಟು ಗಿರಾಕಿಗಳ ಲೆಕ್ಕ, ಯಾವ ಜವಾಬ್ದಾರಿ ಎಂದು ಬರೆದರೆ ಓದುವವನು ತಡೆದು ನಿಲ್ಲುತ್ತಾನೆ. ಉರ್ದು, ಕನ್ನಡ, ಹಿಂದಿ ಮೂರನ್ನೂ ಸಲೀಸಾಗಿ ಮಾತನಾಡುವುದು ನಮ್ಮ ಮಕ್ಕಳಿಗೆ ವಿಶೇಷವೆಂದೇ ತೋರುವುದಿಲ್ಲ. ಬ್ಯಾಂಕು, ಆಸ್ಪತ್ರೆ, ಮಾರಾಟ ವಿಭಾಗಗಳಿಗೆ ಅದೊಂದು ಬಂಡವಾಳ.

ತನ್ನ ಅರ್ಹತೆಯನ್ನು ತಾನೇ ಹೇಳಿಕೊಳ್ಳುವುದು ಅಹಂಕಾರ ಎಂಬ ಭಾವನೆಯೂ ನಮ್ಮಲ್ಲಿದೆ. ಪ್ರವಾದಿ ಯೂಸುಫ್(ಅ)ರ ವೃತ್ತಾಂತವನ್ನು ಇವರು ನೆನಪಿಸಿಕೊಳ್ಳಲಿ. ಸೆರೆಮನೆಯಿಂದ ಹೊರಬಂದ ಆ ಪರದೇಶಿ ಯುವಕರು ಅರಸನ ಮುಂದೆ ನಿಂತು, ನಾಡಿನ ಭಂಡಾರದ ಹೊಣೆಯನ್ನು ತಮಗೊಪ್ಪಿಸುವಂತೆ ಸ್ವತಃ ಕೇಳಿದರು. ಕಾಪಾಡುವ ಪ್ರಾಮಾಣಿಕತೆ ಮತ್ತು ಕೆಲಸದ ಜ್ಞಾನ ಎಂಬ ಎರಡು ಅರ್ಹತೆಗಳನ್ನು ತಾವೇ ಹೇಳಿದರು. ಅದರಲ್ಲಿ ವಂಶದ ಹೊಗಳಿಕೆ ಇರಲಿಲ್ಲ, ಸುಳ್ಳೂ ಇರಲಿಲ್ಲ. ಮಾಡದ ಕೆಲಸವನ್ನು ಮಾಡಿದೆನೆಂದು, ಕಲಿಯದ ಕೋರ್ಸನ್ನು ಕಲಿತೆನೆಂದು ಬರೆಯುವವರಿಗೂ ಇದರಲ್ಲಿ ಪಾಠವಿದೆ. ಅರ್ಜಿ ಒಂದು ಸಾಕ್ಷ್ಯ. ಸುಳ್ಳು ಸಾಕ್ಷ್ಯದಿಂದ ಪಡೆದ ಕೆಲಸ ಪರಿಶೀಲನೆಯ ದಿನ ಕೈಬಿಡುತ್ತದೆ, ಜೊತೆಗೆ ಮುಂದಿನ ಅರ್ಜಿದಾರನ ಮೇಲಿನ ನಂಬಿಕೆಯನ್ನೂ ಕೆಡಿಸುತ್ತದೆ.

ಇನ್ನು ಹೆಸರಿನ ವಿಷಯ. ಅದನ್ನು ಮರೆಮಾಚಬೇಕೆಂದು ನಾವು ಹೇಳುವುದಿಲ್ಲ. ಆದರೆ ಅದನ್ನು ಸರಿಯಾಗಿ ಬರೆಯಬೇಕೆಂದು ಖಂಡಿತ ಹೇಳುತ್ತೇವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮೊಹಮ್ಮದ್, ಆಧಾರ್‌ನಲ್ಲಿ ಮುಹಮ್ಮದ್, ಪದವಿ ಪತ್ರದಲ್ಲಿ ಎಂ.ಡಿ. ಎಂದಿರುವ ಮಗನನ್ನು ದಾಖಲೆ ಪರಿಶೀಲನೆಯ ಅಧಿಕಾರಿ ಮೂವರೆಂದು ಭಾವಿಸಿದರೆ ಅದನ್ನು ತಾರತಮ್ಯ ಎನ್ನಲಾದೀತೇ? ಶಾಲೆಗೆ ಸೇರಿಸುವ ದಿನವೇ ತಂದೆ ಅಕ್ಷರಗಳನ್ನು ನೋಡಿ ಬರೆಸಿದ್ದರೆ ಈ ಅಲೆದಾಟ ತಪ್ಪುತ್ತಿತ್ತು. ಈಗಲಾದರೂ ಎಲ್ಲ ದಾಖಲೆಗಳನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೊಂದಿಸಿಕೊಳ್ಳಬೇಕು.

ಸರಕಾರಿ ಹುದ್ದೆಯ ಅರ್ಜಿಯಲ್ಲಿ ಪ್ರಮಾಣಪತ್ರಗಳೇ ಮಾತನಾಡುತ್ತವೆ. ರಾಜ್ಯದಲ್ಲಿ ಮುಸ್ಲಿಮರಿಗೆ 2ಬಿ ಪ್ರವರ್ಗದಡಿ ಶೇ. 4 ಮೀಸಲಾತಿ ಇದೆ. 2023ರ ಮಾರ್ಚ್‌ನಲ್ಲಿ ಅಂದಿನ ಸರಕಾರ ಅದನ್ನು ರದ್ದುಪಡಿಸಿ ಆದೇಶಿಸಿದಾಗ ಸಮುದಾಯ ಕಳವಳಗೊಂಡಿತು. ವಿಷಯ ಸುಪ್ರೀಮ್ ಕೋರ್ಟಿಗೆ ಹೋಯಿತು. ಆದೇಶ ಜಾರಿಗೆ ಬರಲಿಲ್ಲ. ಹೀಗೆ ಉಳಿದ ಹಕ್ಕನ್ನು ನಾವು ಬಳಸುತ್ತಿದ್ದೇವೆಯೇ? ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಪಡೆಯದೆ, ಅರ್ಜಿಯ ಕೊನೆಯ ದಿನಾಂಕ ಕಳೆದ ಮೇಲೆ ಓಡಾಡುವವರೆಷ್ಟು! ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ರಾಜ್ಯದ ನೇಮಕಾತಿಯಲ್ಲಿ ಶೇ. 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಿದೆ. ಕ್ಯಾಸನೂರಿನಂಥ ಊರಿನಲ್ಲಿ ಓದಿದ್ದು ಕೊರತೆಯಲ್ಲ, ಅದೊಂದು ಅರ್ಹತೆ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಿಕೊಟ್ಟವರು ಯಾರು? ಶಾಲೆಯಿಂದ ಆ ಪ್ರಮಾಣಪತ್ರವನ್ನು ಸಕಾಲದಲ್ಲಿ ಪಡೆಯದಿದ್ದರೆ ಇದ್ದ ಹಕ್ಕೂ ಇಲ್ಲದಂತೆಯೇ.

ಹೆಣ್ಣುಮಕ್ಕಳ ಅರ್ಜಿಯ ಬಗ್ಗೆ ತಂದೆಯರಿಗೆ ಒಂದು ಮಾತು ಹೇಳಲೇಬೇಕಾಗಿದೆ. ಮಗಳು ಓದಲಿ ಎಂದು ಕಷ್ಟಪಟ್ಟವರು ನೀವು. ಆದರೆ ಅವಳ ಅರ್ಜಿಯಲ್ಲಿ ನಿಮ್ಮ ಮೊಬೈಲ್ ಸಂಖ್ಯೆ ಇರುತ್ತದೆ. ಕರೆ ಬಂದಾಗ ನೀವು ಅಂಗಡಿಯಲ್ಲಿರುತ್ತೀರಿ, ಅಥವಾ ಅವಳ ತಮ್ಮ ಫೋನ್ ತೆಗೆದುಕೊಳ್ಳುತ್ತಾನೆ. ಮನೆಯಲ್ಲಿ ಕೇಳಿ ಹೇಳುತ್ತೇವೆ ಎಂಬ ಉತ್ತರ ಹೋಗುತ್ತದೆ. ಎರಡನೆಯ ಕರೆ ಬರುವುದಿಲ್ಲ. ಮುಸ್ಲಿಮ್ ಹೆಸರಿನ ಮಹಿಳೆಗೆ ಉತ್ತರ ಅರ್ಧಕ್ಕರ್ಧ ಕಡಿಮೆ ಎಂದು ಮೇಲೆ ಹೇಳಿದೆವು. ಅಷ್ಟನ್ನು ದಾಟಿ ಬಂದ ಒಂದು ಕರೆಯೂ ನಮ್ಮ ಮನೆಯ ಹೊಸ್ತಿಲಲ್ಲಿ ಸತ್ತರೆ ದೂರುವುದು ಯಾರನ್ನು? ಅವಳ ಸಂಖ್ಯೆ ಅವಳ ಅರ್ಜಿಯಲ್ಲಿರಲಿ. ಉತ್ತರಿಸುವವಳೂ ಅವಳೇ ಆಗಿರಲಿ.

ಇಷ್ಟೆಲ್ಲ ಮಾಡಿದರೆ ತಾರತಮ್ಯ ಅಳಿಯುವುದೇ? ಅಂಥ ಸುಳ್ಳು ಭರವಸೆಯನ್ನು ನಾವು ಕೊಡಲಾರೆವು. ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಬರ್ಟ್ರಂಡ್ ಮತ್ತು ಮುಲ್ಲೈನಾಥನ್ ಅವರ ಅಧ್ಯಯನ ಒಂದು ನೋವಿನ ಸತ್ಯವನ್ನು ತೋರಿಸಿತು. ಅಲ್ಲಿ ಬಿಳಿಯರ ಹೆಸರಿನ ಅರ್ಜಿಗಳಿಗೆ ಕರಿಯರ ಹೆಸರಿನವುಗಳಿಗಿಂತ ಶೇ. 50ರಷ್ಟು ಹೆಚ್ಚು ಕರೆಗಳು ಬಂದವು. ಅರ್ಜಿಯ ಗುಣಮಟ್ಟ ಹೆಚ್ಚಿಸಿದಾಗ ಬಿಳಿಯರ ಹೆಸರಿಗೆ ಆದಷ್ಟು ಲಾಭ ಕರಿಯರ ಹೆಸರಿಗೆ ಆಗಲಿಲ್ಲ. ಅರ್ಥಾತ್, ಅರ್ಜಿದಾರನ ಶ್ರಮ ಒಂದೇ ಸಾಲದು; ನ್ಯಾಯ ಒದಗಿಸುವ ಹೊಣೆ ರಾಜ್ಯದ್ದೂ ಹೌದು. ಸಂವಿಧಾನದ 16ನೆಯ ವಿಧಿ ಧರ್ಮದ ಆಧಾರದ ತಾರತಮ್ಯವನ್ನು ಸರಕಾರಿ ಉದ್ಯೋಗದಲ್ಲಿ ನಿಷೇಧಿಸುತ್ತದೆ; ಖಾಸಗಿ ಕಂಪನಿಯ ಬಾಗಿಲಿನವರೆಗೆ ಅದು ಬರುವುದಿಲ್ಲ. ಈ ಕೊರತೆಯನ್ನು ಕಂಡೇ ಸಾಚಾರ್ ಸಮಿತಿ ಸಮಾನ ಅವಕಾಶ ಆಯೋಗವನ್ನು ಶಿಫಾರಸು ಮಾಡಿತು. ಎನ್.ಆರ್. ಮಾಧವ ಮೆನನ್ ನೇತೃತ್ವದ ತಜ್ಞರ ತಂಡ ಅದರ ರೂಪುರೇಷೆಯನ್ನು 2008ರಲ್ಲಿ ಸರಕಾರಕ್ಕೆ ಒಪ್ಪಿಸಿತು. ಆಯೋಗ ಮಾತ್ರ ಬರಲಿಲ್ಲ. ನಮ್ಮ ಮತ ಕೇಳಲು ಬರುವ ಎಲ್ಲ ಪಕ್ಷಗಳಿಗೂ ಈ ಪ್ರಶ್ನೆಯನ್ನು ಕೇಳುವ ಹಕ್ಕು ನಮಗಿದೆ. 2024ರ ಜನವರಿ 12ರಂದು ಯುವನಿಧಿಗೆ ನಮ್ಮ ಶಿವಮೊಗ್ಗದಲ್ಲೇ ಚಾಲನೆ ನೀಡಲಾಯಿತು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿಯ ಆ ಭತ್ಯೆ ಎರಡು ವರ್ಷದ ಊರುಗೋಲು, ಅದು ಉದ್ಯೋಗವಲ್ಲ.

ಆದರೆ ರಾಜ್ಯ ಎಚ್ಚರಗೊಳ್ಳುವವರೆಗೆ ನಮ್ಮ ಮಕ್ಕಳ ವಯಸ್ಸು ನಿಲ್ಲುವುದಿಲ್ಲ. ಇತರರು ಹತ್ತು ಅರ್ಜಿ ಹಾಕುವಲ್ಲಿ ನಮ್ಮವರು ಮೂವತ್ತು ಹಾಕಬೇಕಾದೀತು. ಇದು ಅನ್ಯಾಯದ ಲೆಕ್ಕ, ನಿಜ. ಆದರೂ ಇಂದು ಕೈಯಲ್ಲಿರುವುದು ಅದೊಂದೇ ಲೆಕ್ಕ. ಐದು ಅರ್ಜಿ ಹಾಕಿ ಉತ್ತರ ಬಾರದೆ, ನಮ್ಮವರಿಗೆ ಯಾರು ಕೊಡುತ್ತಾರೆ ಎಂದು ಮೊಹಲ್ಲಾದ ಕಟ್ಟೆಯ ಮೇಲೆ ಕೂರುವ ಹುಡುಗನಿಗೆ ಹಿರಿಯರು ಹೂಂಗುಡಬಾರದು. ಆರನೆಯ ಅರ್ಜಿ ಬರೆಯಲು ಪಕ್ಕದಲ್ಲಿ ಕೂರಬೇಕು.

ಜಮಾಅತ್‌ಗಳಿಗೆ ಇದು ದುಬಾರಿಯ ಕೆಲಸವಲ್ಲ. ಜುಮಾ ನಮಾಝಿನ ಬಳಿಕ ಒಂದು ಮೇಜು, ಎರಡು ಕುರ್ಚಿ, ಒಂದು ಲ್ಯಾಪ್‌ಟಾಪ್ ಸಾಕು. ಪ್ರತಿ ಊರಿನಲ್ಲೂ ನಿವೃತ್ತ ಶಿಕ್ಷಕರು, ಬ್ಯಾಂಕ್ ನೌಕರರು, ನಗರದಲ್ಲಿ ಕೆಲಸ ಮಾಡಿ ರಜೆಗೆ ಬರುವ ಎಂಜಿನಿಯರುಗಳು ಇದ್ದಾರೆ. ಅವರು ತಿಂಗಳಿಗೆರಡು ಗಂಟೆ ಕುಳಿತು ಮಕ್ಕಳ ಅರ್ಜಿಗಳನ್ನು ತಿದ್ದಲಿ, ಸಂದರ್ಶನದ ಪ್ರಶ್ನೆಗಳನ್ನು ಕೇಳಲಿ. ಮಸೀದಿಯ ಸೂಚನಾ ಫಲಕದಲ್ಲಿ ನೇಮಕಾತಿಯ ಪ್ರಕಟಣೆ ಹಾಗೂ ಅರ್ಜಿಯ ಕೊನೆಯ ದಿನಾಂಕಕ್ಕೂ ಒಂದು ಮೂಲೆ ಇರಲಿ. ಒಂದು ಮದುವೆಯ ಊಟದ ಒಂದು ಪಂಕ್ತಿಯ ಖರ್ಚಿನಲ್ಲಿ ವರ್ಷವಿಡೀ ಇದು ನಡೆಯುತ್ತದೆ.

ಕ್ಯಾಸನೂರಿನ ಹೆಸರನ್ನು ರೋಗಕ್ಕೆ ಇಟ್ಟವರು ಊರಿನವರಲ್ಲ. ಆ ಹೆಸರನ್ನು ಅಳಿಸುವುದೂ ಅವರ ಕೈಯಲ್ಲಿಲ್ಲ. ಆದರೆ ಆ ಊರಿನ ಶಾಲೆಯಲ್ಲಿ ಓದಿದ ಮಗಳೊಬ್ಬಳು ತನ್ನ ಅರ್ಜಿಯಲ್ಲಿ ಊರಿನ ಹೆಸರನ್ನೂ ತನ್ನ ಹೆಸರನ್ನೂ ತಲೆಯೆತ್ತಿ ಬರೆದು, ಅದರ ಕೆಳಗೆ ತಾನು ಏನು ಮಾಡಬಲ್ಲೆನೆಂಬುದನ್ನು ಸ್ಪಷ್ಟವಾಗಿ, ಸತ್ಯವಾಗಿ ದಾಖಲಿಸುವುದು ನಮ್ಮ ಕೈಯಲ್ಲಿದೆ. ಓದದೆ ಬದಿಗಿಟ್ಟವನು ತನ್ನ ಅನ್ಯಾಯಕ್ಕೆ ಉತ್ತರ ಹೇಳಲಿ. ಬರೆಯದೆ ಉಳಿದದ್ದಕ್ಕೆ ಉತ್ತರ ಹೇಳಬೇಕಾದವರು ನಾವು.