ಆರೋಗ್ಯೋದ್ಯಮ ಮತ್ತು ಕನ್ನಡ ಪತ್ರಕರ್ತ

ಪಿ.ಯು.ಸಿ. ಫಲಿತಾಂಶ ಪ್ರಕಟವಾದೊಡನೆ ಪೋಷಕರ ಬಾಯಲ್ಲಿ ಕೇಳಿಬರುವುದು ಒಂದೇ ಮಾತು: ವೈದ್ಯಕೀಯ ಸೀಟು. ಅದು ದೊರೆಯದಿದ್ದರೆ ಆರೋಗ್ಯ ಕ್ಷೇತ್ರದ ಬಾಗಿಲೇ ಮುಚ್ಚಿತೆಂಬ ಭಾವನೆ ನಮ್ಮ ಮನೆಗಳಲ್ಲಿ ಬೇರೂರಿದೆ. ಆ ಕ್ಷೇತ್ರದ ಹಣಕಾಸಿನ ವ್ಯವಹಾರವನ್ನು ಅರಿತು ಜನರಿಗೆ ಕನ್ನಡದಲ್ಲಿ ತಿಳಿಸುವ ಪತ್ರಕರ್ತನ ಕೆಲಸವೂ ಗೌರವದ ವೃತ್ತಿಯೆಂಬುದು ಅನೇಕರಿಗೆ ತೋಚಿಯೇ ಇಲ್ಲ.

ಇದರ ಅಗತ್ಯವನ್ನು ಕಾಣಲು ದೂರ ಹೋಗಬೇಕಾಗಿಲ್ಲ. ಹೆಬ್ಬಾಳದಲ್ಲಿ ಬ್ಯಾಪ್ಟಿಸ್ಟ್ ಆಸ್ಪತ್ರೆ 1973ರಿಂದ ಸೇವೆ ಸಲ್ಲಿಸುತ್ತಿದೆ. ಅನಂತರ ಈ ಭಾಗಕ್ಕೆ ಬಂಡವಾಳ ಹೂಡಿಕೆಯ ಆಸ್ಪತ್ರೆಗಳು ಬಂದವು. 2005ರಲ್ಲಿ ಹೆಬ್ಬಾಳದಲ್ಲಿ ಕೊಲಂಬಿಯಾ ಏಷ್ಯಾ ಪ್ರಾರಂಭವಾಯಿತು; ಮುಂದೆ ಯಶವಂತಪುರದಲ್ಲಿಯೂ ಅದರ ಆಸ್ಪತ್ರೆ ತೆರೆಯಿತು. 2021ರಲ್ಲಿ ಇವು ಮಣಿಪಾಲ್ ಸಂಸ್ಥೆಯ ವಶವಾದವು. 2023ರಲ್ಲಿ ಮಣಿಪಾಲ್ ಸಂಸ್ಥೆಯ ಬಹುಪಾಲು ಷೇರುಗಳೇ ಸಿಂಗಪುರದ ಟೆಮಾಸೆಕ್ ಎಂಬ ಹೂಡಿಕೆ ಸಂಸ್ಥೆಯ ಕೈಸೇರಿದವು. ಯಲಹಂಕದಿಂದ ಬಸ್ಸಿನಲ್ಲಿ ಬಂದು ಚೀಟಿ ಮಾಡಿಸುವ ರೋಗಿಗೆ ಫಲಕದ ಹೆಸರು ಬದಲಾದದ್ದು ಕಂಡೀತು. ಒಡೆಯರು ಬದಲಾದಾಗ ಚಿಕಿತ್ಸೆಯ ದರವೇನಾಯಿತೆಂದು ಅವನ ಭಾಷೆಯಲ್ಲಿ ವಿವರಿಸುವವರು ವಿರಳ.

ಸ್ಟೆಂಟಿನ ಉದಾಹರಣೆಯನ್ನೇ ನೋಡಿ. ಲಕ್ಷ ರೂಪಾಯಿ ಮೀರಿ ಮಾರಾಟವಾಗುತ್ತಿದ್ದ ಔಷಧಲೇಪಿತ ಸ್ಟೆಂಟಿಗೆ 2017ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು 29,600 ರೂಪಾಯಿಯ ಮಿತಿ ಹಾಕಿತು; ಬರಿಯ ಲೋಹದ ಸ್ಟೆಂಟಿಗೆ 7,260. ಬೆಲೆ ಇಳಿದದ್ದು ಸುದ್ದಿಯೇ ಸರಿ. ಆದರೆ ರೋಗಿಯ ಒಟ್ಟು ಬಿಲ್ಲು ಅದೇ ಪ್ರಮಾಣದಲ್ಲಿ ಇಳಿಯಿತೆ, ಕೊಠಡಿ ಬಾಡಿಗೆಯೋ ಇತರ ಶುಲ್ಕವೋ ಏರಿತೆ ಎಂದು ಬೆನ್ನುಹತ್ತಿ ಕೇಳುವುದೇ ನಾನು ಹೇಳುವ ವೃತ್ತಿ. ಅದೇ ವರ್ಷದ ನವೆಂಬರಿನಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ ತಿದ್ದುಪಡಿಯನ್ನು ವಿರೋಧಿಸಿ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದಾಗ, ಮಸೂದೆಯ ಕಲಮುಗಳನ್ನು ಓದಿ ತಿಳಿಹೇಳಬಲ್ಲ ವರದಿಗಾರನ ಬೆಲೆ ಎಷ್ಟೆಂಬುದು ಸ್ಪಷ್ಟವಾಯಿತು.

ಈ ಕೆಲಸಕ್ಕೆ ಶರೀರಶಾಸ್ತ್ರಕ್ಕಿಂತ ಲೆಕ್ಕಶಾಸ್ತ್ರ ಹೆಚ್ಚು ಬೇಕು. 2016ರಲ್ಲಿ ಷೇರುಪೇಟೆ ಪ್ರವೇಶಿಸಿದ ನಾರಾಯಣ ಹೃದಯಾಲಯದಂಥ ಸಂಸ್ಥೆಗಳು ಮೂರು ತಿಂಗಳಿಗೊಮ್ಮೆ ಆಯವ್ಯಯವನ್ನು ಪ್ರಕಟಿಸಲೇಬೇಕು. ಒಂದು ಹಾಸಿಗೆಯಿಂದ ದೊರೆಯುವ ಸರಾಸರಿ ವರಮಾನವೆಷ್ಟು ಎಂಬುದೂ ಇಂಥ ಸಂಸ್ಥೆಗಳ ವರದಿಗಳಲ್ಲಿ ಸಿಗುತ್ತದೆ, ಆದರೆ ಇಂಗ್ಲಿಷಿನಲ್ಲಿ. ವಾಣಿಜ್ಯ ವಿಭಾಗದ ಜಾಣ ವಿದ್ಯಾರ್ಥಿನಿಗೆ ಇದು ಕಬ್ಬಿಣದ ಕಡಲೆಯೇನಲ್ಲ.

ವೈದ್ಯರಾಗಿದ್ದು ಬರೆದ ‘ರಾಶಿ’ ಶಿವರಾಂ, ಅನುಪಮಾ ನಿರಂಜನ ಅವರಂಥವರ ಪರಂಪರೆ ನಮ್ಮಲ್ಲಿದೆ. ದೇಹದ ವಿಚಾರ ಕನ್ನಡಕ್ಕೆ ಬಂದಿದೆ. ಬಿಲ್ಲಿನ ವಿಚಾರ ಇನ್ನೂ ಬರಬೇಕಾಗಿದೆ. ಪ್ರಕಾಶನದಲ್ಲಿಯೂ ಕೆಲಸವುಂಟು: ವಿಮಾ ಕರಾರು, ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರ, ರೋಗಿಗೆ ಕೊಡುವ ಕೈಪಿಡಿ, ಇವೆಲ್ಲ ಅರ್ಥವಾಗುವ ಕನ್ನಡದಲ್ಲಿ ಬರಬೇಕು.

ಪತ್ರಿಕೆಗಿಂತ ಆಸ್ಪತ್ರೆಯ ಪ್ರಚಾರ ವಿಭಾಗ ಹೆಚ್ಚು ಸಂಬಳ ಕೊಟ್ಟೀತು. ಅದು ತಪ್ಪು ಉದ್ಯೋಗವಲ್ಲ. ಆದರೆ ಜಾಹೀರಾತನ್ನು ಲೇಖನದ ವೇಷದಲ್ಲಿ ಅಚ್ಚು ಹಾಕಿಸುವುದನ್ನು ಪತ್ರಿಕೋದ್ಯಮವೆಂದು ನಾನು ಒಪ್ಪಲಾರೆ.

ದಾನಿಗಳಲ್ಲಿ ಒಂದು ವಿನಂತಿ. ವೈದ್ಯಕೀಯ ವಿದ್ಯಾರ್ಥಿಗಳಿಗೆಂದು ತಾವು ನೀಡುವ ನೆರವಿನಲ್ಲಿ ಒಂದು ಪಾಲು ಪತ್ರಿಕೋದ್ಯಮ ಓದಬಯಸುವ ವಾಣಿಜ್ಯ ವಿದ್ಯಾರ್ಥಿಗೂ ಸಲ್ಲಲಿ. ಶಿಕ್ಷಕ ಬಂಧುಗಳು ಬರುವ ಜೂನ್‌ನಿಂದಲೇ ಒಂದು ಆಸ್ಪತ್ರೆ ಸಂಸ್ಥೆಯ ವಾರ್ಷಿಕ ವರದಿಯನ್ನು ತರಗತಿಗೆ ತಂದು, ಅದರ ಎರಡು ಪುಟಗಳನ್ನು ಮಕ್ಕಳಿಂದ ಕನ್ನಡದಲ್ಲಿ ಬರೆಯಿಸಲಿ.